ಮೂರು ಟ್ರೇಯ ಆಲೆಮನೆ

ಹೊರನಾಡಿನಲ್ಲಿರುವ ಶಿರಸಿ, ಸಿದ್ದಾಪುರ, ಸಾಗರ ಕಡೆಯವರ ಅಡುಗೆಮನೆಯಲ್ಲಿ ಜೋನಿ ಬೆಲ್ಲದ ಬಾಟಲಿಯೊಂದು ಇದ್ದೇ ಇರುತ್ತದೆ. ಹೈದರಾಬಾದಿನಲ್ಲಿ ಬೆಲ್ಲಕ್ಕೇನೂ ಬರವಿಲ್ಲ. ಅನಕಾಪಲ್ಲಿಯ ಬೆಲ್ಲ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಬಿಸಿ ದೋಸೆಯ ಮೇಲೆ ಜೇನಿನಂತೆ ಹರಿಯುವ ಜೋನಿ ಮಾತ್ರ ಊರಿಂದಲೇ ಬರಬೇಕು. ಊರಿಗೆ ಹೋದವರು ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತರುತ್ತಾರೆ.

ಕಳೆದ ವರ್ಷ ಸಿದ್ದಾಪುರ ತಾಲ್ಲೂಕಿನ ನಮ್ಮೂರಿಂದ ಆ ಬಾಟಲಿ ಬರಲಿಲ್ಲ. ಕಬ್ಬು ಇತ್ತು, ಆಲೆಮನೆ ಆಗಲಿಲ್ಲ. ಇದ್ದ ಕಬ್ಬಿನಲ್ಲಿ ಸ್ವಲ್ಪ ಹಬ್ಬಕ್ಕೆ ಹೋಯಿತು, ಸ್ವಲ್ಪ ಮಂಗಗಳ ಪಾಲಾಯಿತು, ಉಳಿದದ್ದನ್ನು ದನಕ್ಕೆ ಹಾಕಿದರು. ಮುಂದಿನ ವರ್ಷವೂ ಹೀಗೇ ಆದರೆ ಕಬ್ಬಿನ ಬುಡ ಕಿತ್ತು ಅಡಿಕೆ ಸಸಿ ನೆಡುವುದೆಂದು ಅಪ್ಪ ಹೇಳಿಬಿಟ್ಟರು. ಅಲ್ಲಿಂದ ಶುರುವಾಯಿತು ನನ್ನ ಒಲೆಯ ಹುಚ್ಚು.

ಕೊಪ್ಪರಿಗೆ ದೊಡ್ಡದು, ಮನೆ ಸಣ್ಣದು

ಮಲೆನಾಡಿನ ಆಲೆಮನೆ ಯಾಕೆ ನಿಲ್ಲುತ್ತಿದೆ ಎಂದು ಕೇಳಿದರೆ ಎಲ್ಲರೂ ಅಡಿಕೆಯ ಕಡೆ ಬೆರಳು ತೋರಿಸುತ್ತಾರೆ. ಅದು ನಿಜ. ಗದ್ದೆಗಳೆಲ್ಲ ತೋಟವಾದವು. ಆದರೆ ಕಬ್ಬು ಉಳಿಸಿಕೊಂಡ ಮನೆಯವರೂ ಬೆಲ್ಲ ಮಾಡುವುದನ್ನು ಬಿಡುತ್ತಿದ್ದಾರೆ. ಅದಕ್ಕೆ ಕಾರಣ ಬೇರೆ.

ನಮ್ಮ ಕಡೆಯ ಕೊಪ್ಪರಿಗೆಗೆ ಸುಮಾರು 300 ಲೀಟರ್ ಕಬ್ಬಿನ ಹಾಲು ಬೇಕು. ಅದನ್ನು ಒಲೆಗೆ ಏರಿಸಿ ಇಳಿಸಲು ಗಟ್ಟಿಮುಟ್ಟಾದ ಆರೇಳು ಜನ ಬೇಕು. ಹಿಂದೆ ಕೋಣ ಕಟ್ಟಿ ಆಲೆಕಣೆ ತಿರುಗಿಸುತ್ತಿದ್ದರು, ಈಗ ಯಂತ್ರದ ಗಾಣ ಬಾಡಿಗೆಗೆ ಬರುತ್ತದೆ. ಒಂದು ದಿನದ ಪೂರ್ತಿ ಕೆಲಸ ಇಲ್ಲದಿದ್ದರೆ ಗಾಣದವರು ಬರಲು ಒಪ್ಪುವುದಿಲ್ಲ, ಒಪ್ಪಿದರೂ ಬಾಡಿಗೆ ಗಿಟ್ಟುವುದಿಲ್ಲ. ಊರಿಡೀ ಕಬ್ಬು ಬೆಳೆಯುತ್ತಿದ್ದಾಗ, ಮನೆಗೊಬ್ಬರಂತೆ ಆಳು ಬರುತ್ತಿದ್ದಾಗ ಈ ಅಳತೆ ಸರಿಯಾಗಿತ್ತು. ಈಗ ನಮ್ಮೂರಿನಲ್ಲಿ ಕಬ್ಬು ಇರುವುದು ಮೂರು ಮನೆಯಲ್ಲಿ, ಮೂರೂ ಸೇರಿ ಎರಡು ಗುಂಟೆ. ಆ ಮೂರು ಮನೆಯಲ್ಲಿ ಐವತ್ತು ದಾಟದವರು ಇಬ್ಬರು ಮಾತ್ರ. ನನ್ನಂಥವರು ಹೈದರಾಬಾದಿನಲ್ಲಿದ್ದೇವೆ, ಬೆಂಗಳೂರಿನಲ್ಲಿದ್ದೇವೆ.

ಕೆಲವೆಡೆ ಆಲೆಮನೆ ಹಬ್ಬಗಳು ನಡೆಯುತ್ತವೆ. ಕಬ್ಬಿನ ಹಾಲು, ಮಂಡಕ್ಕಿ, ಮಿರ್ಚಿ, ನೊರೆಬೆಲ್ಲ, ತೊಡೆದೇವು ಎಲ್ಲ ಇರುತ್ತದೆ, ಜನರೂ ಬರುತ್ತಾರೆ. ಒಳ್ಳೆಯದೇ. ಆದರೆ ವರ್ಷಕ್ಕೆ ಬೇಕಾದ ಬೆಲ್ಲ ಹಬ್ಬದಿಂದ ಬರುವುದಿಲ್ಲ. ಇಬ್ಬರು ಜನ, ನೂರು ಕಿಲೋ ಕಬ್ಬು, ಅರ್ಧ ದಿನ: ಇಷ್ಟರಲ್ಲಿ ಮುಗಿಯುವ ಒಲೆ ಬೇಕಿತ್ತು.

ಕೆನಡಾದವರ ಹಿತ್ತಲಲ್ಲಿ

ಇಂಥ ಒಲೆ ಜಗತ್ತಿನಲ್ಲಿ ಎಲ್ಲೋ ಇರಲೇಬೇಕೆಂದು ಹುಡುಕಿದಾಗ ಸಿಕ್ಕಿದ್ದು ಮೇಪಲ್ ಪಾಕ ಮಾಡುವವರದು. ಕೆನಡಾದ ಕ್ವಿಬೆಕ್, ಅಮೆರಿಕದ ವರ್ಮಾಂಟ್ ಕಡೆ ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇರುವ ಕೆಲವು ವಾರ, ಮೇಪಲ್ ಮರದ ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ಆ ರಸದಲ್ಲಿ ಸಕ್ಕರೆ ಇರುವುದು ನೂರಕ್ಕೆ ಎರಡು ಪಾಲು ಮಾತ್ರ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಕಾಯಿಸಬೇಕು. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಸಕ್ಕರೆ ಇರುತ್ತದೆ. ಅವರ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ.

ಕಷ್ಟ ದೊಡ್ಡದಾದ್ದರಿಂದಲೇ ಅವರು ಒಲೆಯ ಮೇಲೆ ತುಂಬ ತಲೆ ಓಡಿಸಿದ್ದಾರೆ. ಕೊಪ್ಪರಿಗೆ ಬಿಟ್ಟು ಅಗಲವಾದ, ಆಳ ಕಡಿಮೆಯ ಚಪ್ಪಟೆ ತಟ್ಟೆಗಳಿಗೆ ಬಂದಿದ್ದಾರೆ. ತಟ್ಟೆಗಳನ್ನು ಸಾಲಾಗಿಟ್ಟು, ಅವುಗಳ ಹೊಟ್ಟೆಯ ಕೆಳಗೇ ಬೆಂಕಿ ಹರಿದುಹೋಗುವಂತೆ ಮಾಡಿದ್ದಾರೆ. ದೊಡ್ಡವರು ಕಾರ್ಖಾನೆಯಿಂದ ತರಿಸುತ್ತಾರೆ. ಹಿತ್ತಲಲ್ಲಿ ನಾಲ್ಕು ಮರ ಇರುವವರು ಇಟ್ಟಿಗೆಯ ಸಾಲು ಕಟ್ಟಿಯೋ, ಹಳೆಯ ಎಣ್ಣೆ ಡ್ರಮ್ ಕತ್ತರಿಸಿಯೋ, ಅದರ ಮೇಲೆ ಹೋಟೆಲಿನ ಬಫೆಯಲ್ಲಿ ಅನ್ನ, ಪಲ್ಯ ಇಡುವ ಸ್ಟೀಲ್ ಟ್ರೇಗಳನ್ನು ಕೂರಿಸುತ್ತಾರೆ. ಆ ಟ್ರೇ ನೋಡಿದ ಕೂಡಲೇ ನನಗೆ ಬೇಗಂ ಬಜಾರ್ ನೆನಪಾಯಿತು. ಹೈದರಾಬಾದಿನ ಮದುವೆ ಊಟಗಳಿಗೆಲ್ಲ ಪಾತ್ರೆ ಹೋಗುವುದು ಅಲ್ಲಿಂದಲೇ.

ಮರದಿಂದ ರಸ ಇಳಿಸುವುದು ತೆಲಂಗಾಣಕ್ಕೂ ಹಳೆಯ ಕಸುಬು. ತಾಳೆ, ಈಚಲ ಮರದ ನೀರಾಕ್ಕೆಂದೇ ನೆಕ್ಲೆಸ್ ರಸ್ತೆಯಲ್ಲಿ 2023ರಲ್ಲಿ ಸರ್ಕಾರ ನೀರಾ ಕೆಫೆ ತೆರೆಯಿತು. ಆದರೆ ಮರ ಹತ್ತುವ ಕಸುಬು ಅದನ್ನು ಬಲ್ಲವರದು, ಪರವಾನಗಿ ಇದ್ದವರದು. ನನಗೆ ಬೇಕಾಗಿದ್ದುದು ಕಬ್ಬು.

ಬೆಳೆದಲ್ಲೇ ಅರೆ, ಅರೆದಲ್ಲೇ ಕಾಯಿಸು

ಇದೇ ಸಮಸ್ಯೆಯನ್ನು ಬೇರೆಯವರು ಬೇರೆ ಬೇರೆ ಕಡೆಯಿಂದ ಬಿಡಿಸಿದ್ದಾರೆ. ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಿಹಿ ಜೋಳದ ಮೇಲೆ ಕೆಲಸ ಮಾಡಿತು. ಕಬ್ಬಿನಂತೆ ದಂಟಿನಲ್ಲಿ ಸಿಹಿರಸ ತುಂಬಿಕೊಳ್ಳುವ ಜೋಳ ಅದು. ದಂಟನ್ನು ದೂರದ ಕಾರ್ಖಾನೆಗೆ ಸಾಗಿಸುವಷ್ಟರಲ್ಲಿ ಸಕ್ಕರೆ ಕಡಿಮೆಯಾಗುತ್ತದೆ. ಹಾಗಾಗಿ ಮೆದಕ್ ಜಿಲ್ಲೆಯ ಇಬ್ರಾಹಿಂಬಾದ್‌ನಲ್ಲಿ ಹಳ್ಳಿಯಲ್ಲೇ ಅರೆದು, ಕಾಯಿಸಿ, ಪಾಕ ಮಾಡಿ ಕಳಿಸುವ ಘಟಕ ನಡೆಸಿದರು. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ಬೆಲ್ಲಕ್ಕೆಂದೇ ಎರಡು ಮತ್ತು ಮೂರು ಬಾಣಲೆಯ ಒಲೆಗಳನ್ನು ರೂಪಿಸಿದೆ.

ನಮ್ಮವರದೇ ಒಂದು ಉದಾಹರಣೆಯೂ ಇದೆ. ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಹುಟ್ಟಿದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಮನೆಗಳಿಗೆ ಹೋಯಿತು. ಅದರ ಗುಟ್ಟು ಸರಳ. ಕಟ್ಟಿಗೆ ನೆಲದ ಮೇಲಲ್ಲ, ಜಾಲರಿಯ ಮೇಲೆ ಉರಿಯಬೇಕು. ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು. ಬಿಸಿಗಾಳಿ ಮೊದಲ ಪಾತ್ರೆಯ ಕೆಳಗಿನಿಂದ ನೇರ ಆಕಾಶಕ್ಕೆ ಹೋಗದೆ ಎರಡನೆಯ, ಮೂರನೆಯ ಪಾತ್ರೆಯನ್ನೂ ಸವರಿ ಆಮೇಲೆ ಚಿಮಣಿ ಹತ್ತಬೇಕು. ಮೇಪಲ್‌ನವರ ಟ್ರೇ, ಅಸ್ತ್ರದ ಒಲೆ, ಆಲೆಮನೆಯ ಹದ: ಈ ಮೂರನ್ನೂ ಸೇರಿಸಿದರೆ ನನಗೆ ಬೇಕಾದದ್ದು ಸಿಗುತ್ತದೆ ಅನ್ನಿಸಿತು.

ಒಂದು ಹಾಳೆಯ ಲೆಕ್ಕ

ಎಂ.ಟೆಕ್‌ನಲ್ಲಿ ಓದಿದ ಉಷ್ಣ ವರ್ಗಾವಣೆ ಹತ್ತು ವರ್ಷ ಕೋಡ್ ಬರೆದ ಮೇಲೆ ಇಲ್ಲಿ ಉಪಯೋಗಕ್ಕೆ ಬಂತು. ಸಣ್ಣ ಗಾಣದಲ್ಲಿ 100 ಕೆ.ಜಿ. ಕಬ್ಬು ಅರೆದರೆ ಸುಮಾರು 55 ಕೆ.ಜಿ. ಹಾಲು. ಅದರಲ್ಲಿ ಸಕ್ಕರೆಯಂಶ ನೂರಕ್ಕೆ 18. ಜೋನಿ ಬೆಲ್ಲದಲ್ಲಿ ಅದು 75ರ ಸುಮಾರಿಗೆ ಬರಬೇಕು. ಅಂದರೆ 55 ಕೆ.ಜಿ. ಹಾಲಿನಿಂದ 13 ಕೆ.ಜಿ. ಜೋನಿ, ಉಳಿದ 42 ಕೆ.ಜಿ. ನೀರು ಆವಿಯಾಗಿ ಹೋಗಬೇಕು.

ಕುದಿಯುತ್ತಿರುವ 1 ಕೆ.ಜಿ. ನೀರನ್ನು ಆವಿ ಮಾಡಲು 2.26 ಮೆಗಾಜೌಲ್ ಶಾಖ ಬೇಕು. ಹಾಲನ್ನು ಮೊದಲು ಕುದಿಯುವ ಮಟ್ಟಕ್ಕೆ ತರುವ ಶಾಖವನ್ನೂ ಸೇರಿಸಿದರೆ ಒಟ್ಟು 110 ಮೆಗಾಜೌಲ್. ಚೆನ್ನಾಗಿ ಒಣಗಿದ 1 ಕೆ.ಜಿ. ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೌಲ್ ಇದೆ. ಒಂದು ಹನಿ ಶಾಖವೂ ಪೋಲಾಗದಿದ್ದರೆ ಏಳೂವರೆ ಕೆ.ಜಿ. ಕಟ್ಟಿಗೆ ಸಾಕು! ಅಂಥ ಒಲೆ ಜಗತ್ತಿನಲ್ಲಿ ಇಲ್ಲ. ಆದರೆ ಮೂರರಲ್ಲಿ ಒಂದು ಪಾಲು ಶಾಖ ಹಾಲಿಗೆ ತಲುಪಿದರೂ 24 ಕೆ.ಜಿ. ಕಟ್ಟಿಗೆಯ ಒಳಗೆ ಕೆಲಸ ಮುಗಿಯಬೇಕು. ನನ್ನ ಗುರಿ ಅದು.

ಒಲೆ ಎದ್ದ ಬಗೆ

ಬೀದರ್‌ನ ಸಹೋದ್ಯೋಗಿಯೊಬ್ಬರಿಗೆ ಶಂಕರಪಲ್ಲಿ ಕಡೆ ಒಂದು ಖಾಲಿ ಸೈಟು ಇದೆ. ಸುತ್ತ ಮನೆಗಳಿಲ್ಲ, ಹೊಗೆಯ ತಕರಾರಿಲ್ಲ. ಕಬ್ಬಿನ ಮಾತೆತ್ತಿದಾಗ ಅವರು ನಕ್ಕರು: "ಏನ್ರಿ, ಕಬ್ಬಿಗಿ ಚಿಂತಿ ಮಾಡ್ತೀರಿ? ಜಹೀರಾಬಾದ್‌ನಾಗ ನಮ್ಮ ಮಾವನ ಹೊಲ ಅದ. ಗಾಡಿ ತುಂಬ ತಗೊಂಡು ಹೋಗ್ರಿ." ಮುಂಬೈ ಹೆದ್ದಾರಿಯಲ್ಲಿ ಹೈದರಾಬಾದಿನಿಂದ ನೂರು ಕಿಲೋಮೀಟರ್ ಆಚೆ ಜಹೀರಾಬಾದ್, ಅದರ ಆಚೆ ಬೀದರ್. ಎರಡೂ ಕಡೆ ಕಬ್ಬು ಬೆಳೆಯುತ್ತದೆ, ಎರಡೂ ಕಡೆ ಕನ್ನಡ ಕೇಳುತ್ತದೆ.

ಟ್ರೇ ಮೂರು ತಂದೆ. ಒಂದೊಂದೂ 53 ಸೆಂ.ಮೀ. ಉದ್ದ, 32.5 ಸೆಂ.ಮೀ. ಅಗಲ, 15 ಸೆಂ.ಮೀ. ಆಳ. ರಾಣಿಗಂಜ್‌ನಲ್ಲಿ ಕಬ್ಬಿಣದ ಆ್ಯಂಗಲ್, ಎರಕದ ಜಾಲರಿ, ಆರಿಂಚಿನ ಕಬ್ಬಿಣದ ಪೈಪು ಸಿಕ್ಕಿತು. ವೆಲ್ಡರ್‌ಗೆ ಹೇಳಿ ಮೂರು ಟ್ರೇ ಉದ್ದಕ್ಕೆ ಸಾಲಾಗಿ ನೇತಾಡುವಂಥ ಚೌಕಟ್ಟು ಮಾಡಿಸಿದೆ. ಬಿಚ್ಚಿ ಜೋಡಿಸಲು ಬರುವಂತೆ ಬೋಲ್ಟು. ಚೌಕಟ್ಟಿನ ಕೆಳಗೆ ಎರಡು ಸಾಲು ಇಟ್ಟಿಗೆ, ನಡುವೆ 30 ಸೆಂ.ಮೀ. ಅಗಲದ ಕಾಲುವೆ, ಸಂದಿಗೆ ಕೆಮ್ಮಣ್ಣು.

ಮೊದಲ ಟ್ರೇಯ ಕೆಳಗೆ ಬೆಂಕಿಗೂಡು, ಅದು ಆಳ. ಅಲ್ಲಿಂದ ಮುಂದೆ ಕಾಲುವೆಯ ನೆಲವನ್ನು ಮಣ್ಣು, ಇಟ್ಟಿಗೆ ಚೂರು ತುಂಬಿ ಏರಿಸಿದೆ. ಎರಡನೆಯ, ಮೂರನೆಯ ಟ್ರೇಯ ಕೆಳಗೆ ಉಳಿದದ್ದು ಅಂಗೈ ಅಗಲದ ಸಂದಿ ಮಾತ್ರ. ಬಿಸಿಗಾಳಿ ಟ್ರೇಯ ತಳಕ್ಕೆ ಒರೆಸಿಕೊಂಡೇ ಹೋಗಬೇಕು, ಬೇರೆ ದಾರಿ ಇಲ್ಲ. ಕೊನೆಗೆ ಎಂಟು ಅಡಿಯ ಚಿಮಣಿ. ಎಲ್ಲ ಸೇರಿ ಖರ್ಚು 12 ಸಾವಿರ ರೂಪಾಯಿ.

ಕಬ್ಬಿನ ಹಾಲು ಕೆಲವೇ ತಾಸಿನಲ್ಲಿ ಹುಳಿಯಲು ಶುರುವಾಗುತ್ತದೆ. ಆದ್ದರಿಂದ ಹಾಲು ತರಲಿಲ್ಲ, ಗಾಣವನ್ನೇ ತರಿಸಿದೆ. ರಸ್ತೆ ಬದಿಯಲ್ಲಿ 'ಚೆರಕು ರಸಂ' ಮಾರುವ ಗಾಡಿಯವರೊಬ್ಬರು ಭಾನುವಾರಕ್ಕೆ ಬಾಡಿಗೆಗೆ ಒಪ್ಪಿದರು. ಇಷ್ಟು ರಸ ಯಾರು ಕುಡಿಯುತ್ತಾರೆ ಎಂಬುದೇ ಅವರ ಚಿಂತೆ. ಬೆಲ್ಲವಾದ ಮೇಲೆ ಅರ್ಧ ಕಿಲೋ ಅವರ ಮನೆಗೂ ಹೋಯಿತು.

ಮೂರು ಟ್ರೇಗೆ ಮೂರು ಕೆಲಸ

ಸಾಲು ಒಲೆಯ ನಿಜವಾದ ಲಾಭ ಕಟ್ಟಿಗೆಯ ಉಳಿತಾಯಕ್ಕಿಂತ ಕೆಲಸದ ಹಂಚಿಕೆಯಲ್ಲಿದೆ.

ಚಿಮಣಿ ಪಕ್ಕದ ಟ್ರೇ ನಿಧಾನ ಬಿಸಿಯಾಗುತ್ತದೆ. ಹಸಿ ಹಾಲು ಸುರಿಯುವುದು ಅಲ್ಲಿಗೆ. ಕುದಿ ಬರುವ ಮೊದಲು ಕಸಮಿಶ್ರಿತ ಕೊಳಕು ನೊರೆ ಕೆನೆಯಂತೆ ಮೇಲೆ ಕಟ್ಟುತ್ತದೆ. ಜಜ್ಜಿದ ಬೆಂಡೆಗಿಡದ ದಂಟನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ ಹಾಕಿದರೆ ಅದು ಕಸವನ್ನೆಲ್ಲ ಹಿಡಿದು ಮೇಲೆ ತರುತ್ತದೆ. ಜಾಲರಿ ಸೌಟಿನಿಂದ ತೆಗೆದುಹಾಕಬೇಕು. ಕೊಪ್ಪರಿಗೆಯಲ್ಲಿ ಈ ಹೊತ್ತು ಸಿಗುವುದು ಒಮ್ಮೆ ಮಾತ್ರ, ಕುದಿ ಬಂದರೆ ನೊರೆ ಒಳಗೇ ಕದಡಿಹೋಗುತ್ತದೆ. ಇಲ್ಲಿ ಹಾಲು ಬಕೆಟ್ ಬಕೆಟ್ ಆಗಿ ಬರುವುದರಿಂದ ಪ್ರತಿ ಬಕೆಟ್‌ಗೂ ಆ ಅವಕಾಶ ಇದೆ. ಬಣ್ಣ ತಿಳಿಯಾಗಲು ಮಾರುಕಟ್ಟೆ ಬೆಲ್ಲಕ್ಕೆ ಹೈಡ್ರೋಸ್ ಹಾಕುತ್ತಾರಲ್ಲ, ನೊರೆ ಸರಿಯಾಗಿ ತೆಗೆದರೆ ಅದರ ಹಂಗು ಬೇಕಿಲ್ಲ.

ನಡುವಿನ ಟ್ರೇಯಲ್ಲಿ ಕುದಿ, ಬೆಂಕಿಯ ನೇರ ಮೇಲಿರುವ ಟ್ರೇಯಲ್ಲಿ ಭರ್ಜರಿ ಕುದಿ. ಹಾಲಿನ ಆಳ ನಾಲ್ಕು ಬೆರಳು ಮೀರಬಾರದು. ನೊರೆ ಉಕ್ಕಿ ಬಂದರೆ ಎರಡು ಹನಿ ತೆಂಗಿನೆಣ್ಣೆ. ಮೇಪಲ್‌ನವರು ಇದಕ್ಕೇ ಚೂರು ಬೆಣ್ಣೆ ಹಾಕುತ್ತಾರೆ. ಸಾವಿರಾರು ಮೈಲಿ ದೂರದ ಇಬ್ಬರು ಒಂದೇ ಉಪಾಯ ಕಂಡುಕೊಂಡಿದ್ದಾರೆ.

ಅರೆಪಾಕವಾದ ಮೇಲೆ ಕಟ್ಟಿಗೆಯ ಕೆಲಸ ಮುಗಿಯಿತು. ಮೂರೂ ಟ್ರೇಯ ಪಾಕ ಒಂದು ದಪ್ಪ ತಳದ ಪಾತ್ರೆಗೆ ಸೋಸಿ, ಗ್ಯಾಸ್ ಒಲೆಯ ಮೇಲೆ ಕೊನೆಯ ಅರ್ಧ ತಾಸು. ನೀರು ಓಡಿಸುವುದಕ್ಕೆ ಒರಟು ಬೆಂಕಿ ಸಾಕು. ಹದ ಹಿಡಿಯುವುದಕ್ಕೆ ತಿರುಗಣೆ ತಿರುಗಿಸಿದರೆ ತಗ್ಗುವ ಬೆಂಕಿ ಬೇಕು. ಆಲೆಮನೆಯ ಕೊಪ್ಪರಿಗೆಯಲ್ಲಿ ಎರಡೂ ಒಂದೇ ಒಲೆಯ ಮೇಲೆ ನಡೆಯುತ್ತದೆ. ಇಳಿಸುವ ಹೊತ್ತಿಗೆ ಅಷ್ಟೊಂದು ಜನ ಓಡಿಬರಬೇಕಾದದ್ದು ಅದಕ್ಕೇ. ಎರಡು ಕೆಲಸ ಬೇರೆ ಮಾಡಿದ ಕೂಡಲೇ ಜನದ ಲೆಕ್ಕ ಏಳರಿಂದ ಎರಡಕ್ಕೆ ಇಳಿಯಿತು.

ಥರ್ಮಾಮೀಟರ್ ಮತ್ತು ದೊಡ್ಡಪ್ಪ

ಸಕ್ಕರೆ ಹೆಚ್ಚಿದಷ್ಟೂ ಪಾಕ ಕುದಿಯುವ ಉಷ್ಣತೆ ಏರುತ್ತದೆ. ಮೇಪಲ್ ಪಾಕ ನೀರಿನ ಕುದಿಬಿಂದುವಿಗಿಂತ 4 ಡಿಗ್ರಿ ಮೇಲೆ ಆಗುತ್ತದೆ, ನಮ್ಮ ಜೋನಿ 7 ಡಿಗ್ರಿ ಮೇಲೆ. ಗಟ್ಟಿ ಬೆಲ್ಲಕ್ಕೆ ಇನ್ನೂ ಬಹಳ ಮೇಲೆ, 118 ಡಿಗ್ರಿಯ ಸುಮಾರಿಗೆ ಹೋಗಬೇಕು. ಆದರೆ ನೀರು ಎಲ್ಲ ಕಡೆ 100 ಡಿಗ್ರಿಗೆ ಕುದಿಯುವುದಿಲ್ಲ. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ, ಇಲ್ಲಿ 98 ಡಿಗ್ರಿ ದಾಟುತ್ತಿದ್ದಂತೆ ನೀರು ಕುದಿಯುತ್ತದೆ. ಹಾಗಾಗಿ ಇಲ್ಲಿ ಜೋನಿಯ ಗುರುತು 105. ಕುಮಟೆಯ ಕಡಲ ದಂಡೆಯಲ್ಲಾದರೆ 107. ಪುಸ್ತಕದ ಅಂಕಿ ನಂಬದೆ, ಮೊದಲು ಬರೀ ನೀರು ಕುದಿಸಿ ಅಳೆದು, ಅದಕ್ಕೆ 7 ಸೇರಿಸುವುದೇ ಸರಿ.

ಇದನ್ನೆಲ್ಲ ವಿಡಿಯೊ ಕಾಲ್‌ನಲ್ಲಿ ಊರಿನ ದೊಡ್ಡಪ್ಪನಿಗೆ ವಿವರಿಸಿದೆ. ನಲವತ್ತು ವರ್ಷ ಊರಿನ ಕೊಪ್ಪರಿಗೆಯ ಹದ ನೋಡಿದವರು ಅವರು. ಎಲ್ಲ ಕೇಳಿ, "ತಮಾ, ಆ ಕಡ್ಡಿ ಬದಿಗಿಡು, ಗುಳ್ಳೆ ತೋರ್ಸು" ಎಂದರು. ಫೋನನ್ನು ಪಾತ್ರೆಯ ಹತ್ತಿರ ಹಿಡಿದೆ. "ಸಣ್ಣ ಗುಳ್ಳೆ ಇಪ್ಪಷ್ಟು ಹೊತ್ತೂ ನೀರು ಇದ್ದು ಹೇಳಿ ಲೆಕ್ಕ. ದೊಡ್ಡ ಗುಳ್ಳೆ ಎದ್ದು ಒಡೆವಾಗ ಶಬ್ದ ದಪ್ಪ ಆಗ್ತು, ಆವಾಗ ಸೌಟು ಎತ್ತಿ ನೋಡು." ಸೌಟಿನ ಅಂಚಿನಿಂದ ಪಾಕ ಹನಿಹನಿಯಾಗಿ ಬೀಳುವುದು ನಿಂತು, ಎರಡು ಹನಿ ಕೂಡಿ ಪದರವಾಗಿ ಜಾರಿತು. "ಇಳಿಸು" ಅಂದರು. ಕಡ್ಡಿಯಲ್ಲಿ 105 ಇತ್ತು.

ಅಂಕಿ ಗೆದ್ದಿತೋ ಕಣ್ಣು ಗೆದ್ದಿತೋ ಎಂಬ ಪ್ರಶ್ನೆ ಇಲ್ಲಿಲ್ಲ. ದೊಡ್ಡಪ್ಪನಿಗೆ 78 ವರ್ಷ. ಅವರ ಕಣ್ಣಿಗೆ ಕಾಣುವುದನ್ನು ನಾಳೆ ಇನ್ನೊಬ್ಬರು ಕಲಿಯುವವರೆಗೆ ಕಡ್ಡಿ ಊರುಗೋಲಾಗಬಹುದು. ಗುಳ್ಳೆ ನೋಡುತ್ತ, ಶಬ್ದ ಕೇಳುತ್ತ, ಪಕ್ಕದಲ್ಲೇ ಅಂಕಿಯನ್ನೂ ನೋಡಿದರೆ ಕಲಿಕೆ ಬೇಗ ಆಗುತ್ತದೆ. ನನಗಂತೂ ನಾಲ್ಕನೆಯ ಭಾನುವಾರದ ಹೊತ್ತಿಗೆ ಶಬ್ದ ತಿಳಿಯತೊಡಗಿತು.

ಶಂಕರಪಲ್ಲಿಯ ಆ ಭಾನುವಾರಗಳ ಸರಾಸರಿ: 100 ಕೆ.ಜಿ. ಕಬ್ಬು, 24 ಕೆ.ಜಿ. ಬೇವಿನ ಮತ್ತು ಸುಬಾಬುಲ್ ಕಟ್ಟಿಗೆ, ಮೂರೂವರೆ ತಾಸು, 12 ಕೆ.ಜಿ.ಗೆ ಸ್ವಲ್ಪ ಮೇಲೆ ಜೋನಿ.

ಬಸ್ಸು ಹತ್ತಿದ ಒಲೆ

ಈ ಜನವರಿಯಲ್ಲಿ ಚೌಕಟ್ಟು ಬಿಚ್ಚಿ, ಟ್ರೇಗಳನ್ನು ಒಂದರೊಳಗೊಂದು ಇಟ್ಟು ಬಸ್ಸಿನ ಡಿಕ್ಕಿಯಲ್ಲಿ ಊರಿಗೆ ಒಯ್ದೆ. ಇಟ್ಟಿಗೆ, ಮಣ್ಣು ಅಲ್ಲೇ ಇದೆ. ಒಂದೇ ದಿನದಲ್ಲಿ ಒಲೆ ಎದ್ದಿತು. ಮೋಟಾರಿನ ಸಣ್ಣ ಗಾಣವನ್ನು ಮೂರು ಮನೆಯವರು ಸೇರಿ ಕೊಂಡರು. ಕಟ್ಟಿಗೆಗೆ ಒಣಗಿದ ಕಬ್ಬಿನ ಸಿಪ್ಪೆ, ಅಡಿಕೆ ತೋಟದ ಒಣ ಕಸ ಸೇರಿಸಿದೆವು.

ದಿನಕ್ಕೆ ಎರಡು ಸಲದಂತೆ ಎಂಟು ದಿನದಲ್ಲಿ ಮೂರು ಮನೆಯ ಒಂದೂವರೆ ಟನ್ ಕಬ್ಬು ಮುಗಿಯಿತು, 180 ಕೆ.ಜಿ. ಜೋನಿ ಆಯಿತು. ನಾನಿದ್ದದ್ದು ಮೊದಲ ನಾಲ್ಕು ದಿನ ಮಾತ್ರ. ಉಳಿದ ನಾಲ್ಕು ದಿನ ಅಪ್ಪ ಮತ್ತು ಪಕ್ಕದ ಮನೆಯ ಚಿಕ್ಕಮ್ಮ ಇಬ್ಬರೇ ನಡೆಸಿದರು. ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಗುಳ್ಳೆ ನೋಡಿದರು. ನನಗೆ ಬೇಕಾಗಿದ್ದ ಪರೀಕ್ಷೆ ಅದೇ: ಕಟ್ಟಿದವನು ಇಲ್ಲದೆಯೂ ಒಲೆ ಉರಿಯಬೇಕು.

ಎಲ್ಲ ಸರಿಹೋಯಿತೆಂದಲ್ಲ. ಮಂಗ, ಕಾಡುಹಂದಿಯ ಕಾಟ ಹಾಗೇ ಇದೆ. ಕಬ್ಬು ಕಡಿದು ಹೊರುವ ಕೆಲಸಕ್ಕೆ ಆಳು ಈಗಲೂ ಸಿಗುವುದಿಲ್ಲ. ಲಾಭದಲ್ಲಿ ಅಡಿಕೆಯನ್ನು ಇದು ಮುಟ್ಟುವುದಿಲ್ಲ. ಊರಿಗೆ ಊರೇ ಸೇರಿ ರಾತ್ರಿಯಿಡೀ ಕೂರುತ್ತಿದ್ದ ಆಲೆಮನೆಯ ಗದ್ದಲ ಮೂರು ಟ್ರೇಗೆ ಬರುವುದಿಲ್ಲ. ಆದರೆ ಅಪ್ಪ ಈ ಸಲ ಕಬ್ಬಿನ ಬುಡ ಕಿತ್ತಿಲ್ಲ, ಕೂಳೆ ಬಿಟ್ಟಿದ್ದಾರೆ. ಇನ್ನೊಂದು ವರ್ಷದ ಮಾತು ಉಳಿಯಿತು. ಊರಿನ ಎಷ್ಟೋ ಕೆಲಸಗಳು ನಿಲ್ಲುವುದು ಯಾರಿಗೂ ಬೇಡವಾಗಿ ಅಲ್ಲ, ಅವುಗಳ ಅಳತೆ ಈಗಿರುವ ಜನರಿಗೆ ಹೊಂದದೆ. ಆ ಅಳತೆ ಬದಲಿಸುವ ಕೆಲಸವನ್ನು ದೂರದಲ್ಲಿರುವ ನಾವೂ ಮಾಡಬಹುದು.

ಕಟ್ಟುವ ಮನಸ್ಸಿದ್ದರೆ

ಸ್ಟೀಲ್ ಟ್ರೇ ಮಾತ್ರ ಬಳಸಿ. ಸತು ಬಳಿದ ತಗಡು, ಬೆಸುಗೆಗೆ ಸೀಸ ಹಾಕಿದ ಪಾತ್ರೆ ಬೇಡ. ಡ್ರಮ್ ಒಲೆ ಮಾಡುವವರು ರಾಸಾಯನಿಕ ತುಂಬಿದ್ದ ಡ್ರಮ್ ಮುಟ್ಟಬಾರದು. ಕಟ್ಟಿಗೆ ಮಣಿಕಟ್ಟಿನಷ್ಟು ದಪ್ಪ ಇದ್ದರೆ ಸಾಕು, ಒಣಗಿರಬೇಕು. ಬೆಂಕಿ ಇರುವಷ್ಟು ಹೊತ್ತು ಯಾವ ಟ್ರೇಯೂ ಬತ್ತಬಾರದು; ಕೊನೆಯ ಬಕೆಟ್ ಮುಗಿಯುವ ಮೊದಲೇ ಬೆಂಕಿ ಎಳೆಯಿರಿ. ಮಕ್ಕಳನ್ನು ದೂರ ಇಡಿ, ಕುದಿವ ಪಾಕ ನೀರಿಗಿಂತ ಹೆಚ್ಚು ಸುಡುತ್ತದೆ, ಮೈಗೆ ಅಂಟಿಕೊಳ್ಳುತ್ತದೆ. ಜೋನಿ ತೆಳ್ಳಗಾದರೆ ಹುಳಿಯುತ್ತದೆ, ತೀರ ಗಟ್ಟಿಯಾದರೆ ತಳದಲ್ಲಿ ಹರಳು ಕಟ್ಟುತ್ತದೆ. ಪೂರ್ತಿ ಆರಿದ ಮೇಲೆ, ಒಣಗಿದ ಗಾಜಿನ ಬಾಟಲಿಗೆ ತುಂಬಿ.

ಪುಣೆಯಲ್ಲಿರಲಿ, ಚೆನ್ನೈನಲ್ಲಿರಲಿ, ಸುತ್ತ ನೂರು ಕಿಲೋಮೀಟರಿನಲ್ಲಿ ಕಬ್ಬು ಬೆಳೆಯುವ ಊರೊಂದು ಹುಡುಕಿದರೆ ಸಿಗುತ್ತದೆ. ಕಬ್ಬಿನ ಕಾಲ ಜನವರಿಯಿಂದ ಮಾರ್ಚ್. ಇಟ್ಟಿಗೆ ಕೂಡಿಹಾಕಲು ಇನ್ನೂ ಸಮಯವಿದೆ.